ಫ್ಯಾನ್ ಆಫ್ ಮಾಡ್ರಿ

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಮಿರ್ಚಿ ಬಂಡಿಯವರು ಎಣ್ಣೆ ಕಾಯಲಿಡುವ ಹೊತ್ತಿಗೆ, ಎಡಭುಜ ಬಲಭುಜಕ್ಕಿಂತ ನಾಲ್ಕು ಬೆರಳು ಕೆಳಗಿಳಿದ ಮನುಷ್ಯರೊಬ್ಬರು ಎದುರಾದರೆ ಅವರೇ ಪ್ಲೇಟ್ ಮಾಮ. ಕೈಯಲ್ಲಿ ಪ್ಲೇಟು ಹಾಡಿಸುವ ಪೆಟ್ಟಿಗೆ ಇಲ್ಲದಾಗಲೂ ಆ ಭುಜ ಹಾಗೇ ಇರುತ್ತದೆ. ರೇಷನ್ ಕಾರ್ಡಿನಲ್ಲಿ ಬೇರೆ ಹೆಸರಿದೆ, ಪೇಟೆಗೆ ಅದು ಬೇಕಾಗಿಲ್ಲ. ಇಂಥವರು ಹುಬ್ಬಳ್ಳಿಯಲ್ಲೂ ಇದ್ದಾರೆ, ದಾವಣಗೆರೆಯಲ್ಲೂ ಇದ್ದಾರೆ, ಮೈಸೂರಿನ ಅಗ್ರಹಾರಗಳಲ್ಲಂತೂ ಓಣಿಗೊಬ್ಬರಿದ್ದಾರೆ. ಆದರೆ ಬೇಸಿಗೆ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ, ಬಿಸಿಲಿಗೆ ಸೊಟ್ಟಗಾಗುವ ಪ್ಲೇಟುಗಳನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆ ತಿರುಗಲು ಬೇರೆಯೇ ಗುಂಡಿಗೆ ಬೇಕು. ಆ ಲೆಕ್ಕದಲ್ಲಿ ಈ ಜಾತಿಗೆಲ್ಲ ನಮ್ಮವರೇ ಹಿರಿಯರು.

ಗುಮಾಸ್ತಗಿರಿಯಿಂದ ನಿವೃತ್ತರಾದ ಮೇಲೆ ಹತ್ತಿದ ಚಟ ಇದು ಅಂತ ಕೆಲವರು ತಿಳಿದಿದ್ದಾರೆ. ಅಲ್ಲ. ಹುಡುಗನಾಗಿದ್ದಾಗ ಮಾಮ ಮೈಕ್‌ಸೆಟ್ ಅಂಗಡಿಯೊಂದರಲ್ಲಿ ಪ್ಲೇಟು ಹೊರುತ್ತಿದ್ದರು. ಕುರುಗೋಡು, ತೆಕ್ಕಲಕೋಟೆ, ಸಿರುಗುಪ್ಪ ಕಡೆಯ ಮದುವೆಗಳಿಗೆ ಬಸ್ಸಿನ ತಲೆಯ ಮೇಲೆ ಹಾರ್ನು, ಬಸ್ಸಿನೊಳಗೆ ಇವರ ತೊಡೆಯ ಮೇಲೆ ಪ್ಲೇಟು. ಬೇವಿನಮರಕ್ಕೆ ಹಾರ್ನು ಬಿಗಿದು ಅಂಗಡಿಯವನು ಚಪ್ಪರದ ಮೂಲೆಯಲ್ಲಿ ಮಲಗಿಬಿಟ್ಟರೆ, ಮುಂದಿನ ಹಾಡು ಯಾವುದೆಂದು ತೀರ್ಮಾನಿಸುವ ಅಧಿಕಾರ ಹತ್ತು ವರ್ಷದ ಈ ಹುಡುಗನದು. ಮದುವೆ ಗಂಡಿನ ಸುತ್ತ ಎಷ್ಟು ಮಂದಿ ಇರುತ್ತಿದ್ದರೋ ಅಷ್ಟೇ ಮಂದಿ ಇವರ ಸುತ್ತ. ಊರ ಗೌಡರು ಕೂಡ ಬಂದು, “ತಮ್ಮಾ, ಆ ಹಾಡು ಇನ್ನೊಮ್ಮೆ ಹಾಕಪ್ಪ” ಎಂದು ಕೇಳಬೇಕಾಗಿತ್ತು. ಟೂರಿಂಗ್ ಟಾಕೀಸಿನವರು ಘಂಟಸಾಲ ಹಾಡಿದ ‘ನಮೋ ವೆಂಕಟೇಶ’ ಪ್ಲೇಟು ಹಚ್ಚಿದರೆ ಟಿಕೆಟ್ ಕೊಡಲು ಶುರುಮಾಡಿದರೆಂದು ಅರ್ಥ; ಊರಿಗೆ ಊರೇ ಎದ್ದು ಓಡುತ್ತಿತ್ತು. ಒಂದು ಸೂಜಿ ಇಳಿಸಿದರೆ ಇಷ್ಟು ಜನ ಓಡುತ್ತಾರೆ, ಇಷ್ಟು ಜನ ಕೂರುತ್ತಾರೆ ಎಂಬುದನ್ನು ಆ ವಯಸ್ಸಿನಲ್ಲೇ ಕಂಡವರಿಗೆ ಮುಂದೆ ತಹಶೀಲ್ದಾರರ ಕುರ್ಚಿ ಕೊಟ್ಟರೂ ಸಪ್ಪೆ.

ಈಗ ಮಾಮನ ಹತ್ತಿರ ಪೆಟ್ಟಿಗೆ ಮೂರು. ಹಿರಿಯದು ಕರಿಯದು, ಎಚ್‌ಎಂವಿ 102. ಕೀಲಿ ಕೊಟ್ಟು ಓಡಿಸುವ ಗ್ರಾಮಾಫೋನು. ಕರೆಂಟು ಬೇಡ, ಸೆಲ್ಲು ಬೇಡ, ತೋಳು ಒಂದು ಬೇಕು. ಅದು 1931ರಲ್ಲಿ ಬಂದ ಮಾದರಿ ಎಂದೂ, ಅದರ ಅಣ್ಣ 101 ಬಂದದ್ದು 1925ರಲ್ಲಿ ಎಂದೂ ನೀವು ಕೇಳುವ ಮುಂಚೆಯೇ ಹೇಳುತ್ತಾರೆ. ಮುಚ್ಚಳದೊಳಗೆ ಪ್ಲೇಟು ಇಡಲು ಜಾಗ, ಮೂಲೆಯಲ್ಲಿ ಸೂಜಿಗೆ ಗೂಡು, ಹೊರಗೆ ಹಿಡಿ. “1914ರಲ್ಲೇ ಡೆಕ್ಕಾದವರು ಇಂಥದ್ದೊಂದು ಮಾಡಿದ್ರು. ಮೊದಲನೇ ಮಹಾಯುದ್ಧದಾಗ ಸಿಪಾಯಿಗಳು ಕಂದಕದೊಳಗೆ ಇಟ್ಕೊಂಡು ಕೇಳ್ತಿದ್ರು. ಮ್ಯಾಲೆ ಗುಂಡು, ಕೆಳಗೆ ಹಾಡು. ನಿಮಗೆ ಅರ್ಧ ತಾಸು ಕೂರಾಕ ಆಗಲ್ಲ!” ಎಂದು ಬೈಯುವುದಕ್ಕೆ ಈ ಇತಿಹಾಸ ಅವರಿಗೆ ಅನುಕೂಲ. ಎರಡನೆಯದು ಎಚ್‌ಎಂವಿ ಫಿಯೆಸ್ಟಾ, ಟಾರ್ಚಿನ ಸೆಲ್ಲಿನ ಮೇಲೆ ಓಡುವಂಥದ್ದು. ಸೆಲ್ಲು ಇಳಿದಂತೆ ಹಾಡುಗಾರ್ತಿಯ ವಯಸ್ಸು, ಲಿಂಗ ಎರಡೂ ಬದಲಾಗುತ್ತವೆ. ಮೂರನೆಯದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತಂಗಿಯ ಮಗ ಆನ್‌ಲೈನಿನಲ್ಲಿ ತರಿಸಿಕೊಟ್ಟ ಕೆಂಪು ಸೂಟ್‌ಕೇಸು. ಅದಕ್ಕೆ ಬ್ಲೂಟೂತ್ ಕೂಡ ಇದೆ. ಇದನ್ನು ಮಂದಿಯ ಎದುರು ‘ಆಟದ ಸಾಮಾನು’ ಎಂದು ಹಳಿಯುತ್ತಾರೆ, ದೂರದ ಊರಿಗೆ ಹೊರಟಾಗ ಅದನ್ನೇ ಎತ್ತಿಕೊಳ್ಳುತ್ತಾರೆ. ಹಗುರ ನೋಡಿ.

ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅಂದು ಕನ್ನಡ, ತೆಲುಗು ಸೀಮೆಗಳ ನಡುವೆ ಎಳೆದ ಗಡಿ ಮಾಮನ ಪ್ಲೇಟಿನ ಚೀಲದೊಳಗೆ ಇನ್ನೂ ಬಿದ್ದಿಲ್ಲ. ಪಿ. ಬಿ. ಶ್ರೀನಿವಾಸರ ಬೆನ್ನಿಗೆ ಘಂಟಸಾಲ ಒರಗಿದ್ದಾರೆ, ಇಬ್ಬರ ನಡುವೆ ಒಂದು ಖವ್ವಾಲಿ. ಕಾಳಮ್ಮ ಬೀದಿಯ ಮನೆಗೆ ಒಂದು, ಕೌಲ್ ಬಜಾರಿನ ಮನೆಗೆ ಒಂದು ಎಂದು ವಿಂಗಡಿಸಿಕೊಂಡೇ ಹೊರಡುತ್ತಾರೆ. ಹೋದಲ್ಲಿ ತಮಗೆ ತೋಚಿದ್ದನ್ನೇ ಹಾಕುತ್ತಾರೆ.

ಮನೆಗೆ ಬರುವ ಮುಂಚೆ ಫೋನು ಮಾಡುವ ಅಭ್ಯಾಸ ಅವರಿಗಿಲ್ಲ. ಚಪ್ಪಲಿ ಬಿಟ್ಟು, ಪೆಟ್ಟಿಗೆ ಇಳಿಸಿ, ನೀರು ಕುಡಿದು ಮೊದಲು ಹೇಳುವ ಮಾತು: “ಫ್ಯಾನ್ ಆಫ್ ಮಾಡ್ರಿ.”

“ಮಾಮ, ಮೇ ತಿಂಗಳು ರೀ ಇದು.”

“ಮೇ ತಿಂಗಳು ಅಂತ ಸೂಜಿಗೆ ಗೊತ್ತಾಗ್ತೈತೇನಪ್ಪ? ಗಾಳಿಗೆ ಧೂಳು ಬಂದು ಗೆರಿಯೊಳಗೆ ಕೂರ್ತೈತೆ. ಆಮ್ಯಾಲೆ ನಿನ್ನ ಫ್ಯಾನಿನ ಗೊರಗೊರ ಕೇಳಬೇಕೋ, ಪ್ಲೇಟಿಂದೋ?”

ಫ್ಯಾನ್ ನಿಂತಿತು. ಇನ್ನು ಕಿಟಕಿ. ಗಣಿ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ವರ್ಷಗಳಲ್ಲಿ ಈ ಊರಿನ ಮೇಲೆ ಕೆಂಪು ಧೂಳು ಸುರಿದಿತ್ತಲ್ಲ, ಅಂದಿನಿಂದ ಮಾಮ ಕಿಟಕಿಗಳನ್ನು ನಂಬುವುದಿಲ್ಲ. ಕಿಟಕಿಯೂ ಮುಚ್ಚಿತು. ಆಮೇಲೆ ಚೀಲದಿಂದ ಗಾರೆ ಕೆಲಸದವರ ರಸಮಟ್ಟ ಹೊರಬರುತ್ತದೆ. ಬಳ್ಳಾರಿಯ ಹಳೆಯ ಮನೆಗಳ ಕಡಪ ಕಲ್ಲಿನ ನೆಲ ಯಾವುದು ನೆಟ್ಟಗಿದೆ? ಗುಳ್ಳೆ ನಡುವಿಗೆ ಬರುವ ತನಕ ಪೆಟ್ಟಿಗೆಯ ಕೆಳಗೆ ಬೆಂಕಿಪೊಟ್ಟಣ, ಮಗಳ ಕಾಪಿ ಪುಸ್ತಕ, ನಿಮ್ಮ ಮನೆಯ ಕರೆಂಟು ಬಿಲ್ಲು ಒಂದೊಂದಾಗಿ ಸೇರುತ್ತ ಹೋಗುತ್ತವೆ. ಗುಳ್ಳೆ ನಿಂತ ಮೇಲೆ ಕೊನೆಯ ಆಜ್ಞೆ: “ಇನ್ನು ಯಾರೂ ಅಡ್ಡಾಡಬ್ಯಾಡ್ರಿ.” ಹೆಜ್ಜೆ ಹಾಕಿದರೆ ನೆಲ ಅದುರುತ್ತದೆ, ನೆಲ ಅದುರಿದರೆ ಸೂಜಿ ಜಿಗಿಯುತ್ತದೆ. ಅಡುಗೆಮನೆಯಲ್ಲಿದ್ದವರು ಅಡುಗೆಮನೆಯಲ್ಲೇ, ಬಚ್ಚಲಲ್ಲಿದ್ದವರು ಬಚ್ಚಲಲ್ಲೇ. ನಡೆದಾಡುತ್ತ ಹಾಡು ಕೇಳಲೆಂದು ಜಗತ್ತು ಈ ಪೆಟ್ಟಿಗೆಯನ್ನು ಕಂಡುಹಿಡಿಯಿತಂತೆ. ಬ್ರೂಸ್‌ಪೇಟೆಯಲ್ಲಿ ಪೆಟ್ಟಿಗೆ ಮಾತ್ರ ನಡೆದಾಡುತ್ತದೆ, ಉಳಿದವರೆಲ್ಲ ಇದ್ದಲ್ಲೇ ಇರಬೇಕು.

ಅಂಥ ಹೊತ್ತಿನಲ್ಲಿ ಬಲ್ಲವರು ಮನಸ್ಸಿನಲ್ಲೇ ಒಂದು ಹರಕೆ ಹೊರುತ್ತಾರೆ: ಬಂದಿರುವುದು 78ರ ಪ್ಲೇಟಾಗಿರಲಿ ತಾಯಿ ದುರ್ಗಮ್ಮ. ನಿಮಿಷಕ್ಕೆ 78 ಸುತ್ತು ಸುತ್ತುವ ಹತ್ತು ಇಂಚಿನ ಆ ಹಳೆಯ ಪ್ಲೇಟು ಒಂದು ಮಗ್ಗುಲಿಗೆ ಮೂರು ನಿಮಿಷದಲ್ಲಿ ಮುಗಿಯುತ್ತದೆ. ಎದ್ದು ಬೆನ್ನು ನೆಟ್ಟಗೆ ಮಾಡಿಕೊಳ್ಳಬಹುದು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯವರು ತಂದ ಎಲ್‌ಪಿ ಹಾಗಲ್ಲ. 33⅓ ಸುತ್ತಿನ ಮೇಲೆ ನಿಧಾನಕ್ಕೆ ತಿರುಗುತ್ತ ಇಪ್ಪತ್ತು ನಿಮಿಷವಾದರೂ ಬಿಡುವುದಿಲ್ಲ. ಮಾಮನ ಚೀಲದಿಂದ ಹನ್ನೆರಡು ಇಂಚಿನ ಅಗಲ ಲಕೋಟೆ ಇಣುಕಿದ ಕ್ಷಣಕ್ಕೆ ಮಕ್ಕಳು ಒಬ್ಬೊಬ್ಬರಾಗಿ ಬಚ್ಚಲಿಗೆ ಹೋಗಿ ಬರುತ್ತಾರೆ. ಅನುಭವ.

ಕರಿ ಪೆಟ್ಟಿಗೆಯದು ಇನ್ನೊಂದು ಸೇವೆ. ಉಕ್ಕಿನ ಸೂಜಿ ಒಂದು ಮಗ್ಗುಲು ಹಾಡಿಸಿದರೆ ಸವೆಯಿತು, ಬಿಸಾಡಿ ಹೊಸದು ಹಾಕಬೇಕು. ತಗಡಿನ ಪುಟ್ಟ ಡಬ್ಬಿಯಲ್ಲಿ 200 ಸೂಜಿ ಬರುತ್ತಿದ್ದವು. ನೂರು ಪ್ಲೇಟಿನ ಎರಡೂ ಮಗ್ಗುಲಿಗೆ ಸರಿಹೋಗುವ ಲೆಕ್ಕ. ದನಿ ಏರಿಸಲು ಇಳಿಸಲು ಗುಂಡಿಯಿಲ್ಲ. ದಪ್ಪ ಸೂಜಿ ಹಾಕಿದರೆ ಜೋರು, ಸಣ್ಣದು ಹಾಕಿದರೆ ಮೆಲ್ಲಗೆ, ಅಷ್ಟೇ. ಈಗ ಆ ಡಬ್ಬಿ ಎಲ್ಲಿ ಸಿಗಬೇಕು? ಮಾಮ ಎಲ್ಲೋ ಓದಿದರು: ಉಕ್ಕು ಪ್ಲೇಟನ್ನು ಕೊರೆದು ತಿನ್ನುತ್ತದೆಂದು 1930ರ ಸುಮಾರಿಗೆ ಇಂಗ್ಲೆಂಡಿನ ರಸಿಕರು ಬಿದಿರು, ಕಳ್ಳಿಮುಳ್ಳುಗಳನ್ನು ಸೂಜಿಯಾಗಿ ಬಳಸುತ್ತಿದ್ದರಂತೆ. ಇದನ್ನು ಓದಿದ ಮರುದಿನ ಕುರುಗೋಡು ರಸ್ತೆಯ ಅಂಚಿನಲ್ಲಿ ಅವರು ಬಗ್ಗಿಕೊಂಡು ಏನೋ ಆರಿಸುತ್ತಿದ್ದುದನ್ನು ಕಂಡವರಿದ್ದಾರೆ. ಕರ್ನಾಟಕದಲ್ಲೆಲ್ಲ ಯಾವ ಗಿಡಕ್ಕೆ ನಮ್ಮ ಊರಿನ ಹೆಸರಿಟ್ಟು ಶಪಿಸುತ್ತಾರೋ ಆ ಬಳ್ಳಾರಿ ಜಾಲಿಯ ಮುಳ್ಳು. ಇಂಗ್ಲೆಂಡಿನವರಿಗೆ ದುಡ್ಡು ಕೊಟ್ಟರೆ ಸಿಗುತ್ತಿದ್ದದ್ದು ನಮಗೆ ಚಪ್ಪಲಿಯಲ್ಲೇ ಚುಚ್ಚಿಕೊಂಡು ಬರುತ್ತದೆ. ಮುಳ್ಳು ಸೀವಿ, ಸಿಕ್ಕಿಸಿ, ಇಳಿಸಿದರು. ಹಾಡು ಬಂತು, ಸುಳ್ಳು ಹೇಳಬಾರದು. ಸಂಡೂರಿನಲ್ಲಿ ಯಾರೋ ಹಾಡಿದ್ದು ಇಲ್ಲಿಗೆ ಕೇಳಿಸುವಷ್ಟು ಬಂತು. “ಇದೇ ಅಸಲಿ ದನಿ” ಎಂದರು ಮಾಮ. ಚರಣಕ್ಕೆ ಬರುವಷ್ಟರಲ್ಲಿ ಮುಳ್ಳು ಮುರಿಯಿತು.

ಪ್ಲೇಟು ಒರೆಸುವ ಬಟ್ಟೆಯೂ ಸ್ಥಳೀಯವೇ. ಜೀನ್ಸ್ ಹೊಲಿಯುವ ಊರಿನಲ್ಲಿ ಜೇಬಿನ ಒಳಬಟ್ಟೆಯ ತುಂಡಿಗೇನು ಬರ? ಯಾವುದೋ ಹುಡುಗನ ಪ್ಯಾಂಟಿಗೆ ಜೇಬಾಗಬೇಕಿದ್ದ ತುಂಡು ಇಲ್ಲಿ ಎಸ್. ಜಾನಕಿಯವರ ಸೇವೆಗೆ ನಿಂತಿದೆ.

ಬಿಸಿಲಿನ ವಿಷಯ ಬೇರೆ ಹೇಳಬೇಕು, ಯಾಕೆಂದರೆ ಮಾಮನ ನಿಜವಾದ ಶತ್ರು ಅದು. ಹಳೆಯ 78ರ ಪ್ಲೇಟಿನಲ್ಲಿ ಅರಗು ಇರುತ್ತದೆ. ಅದೇ ಅರಗು, ಕೌರವರು ಮನೆ ಕಟ್ಟಿಸಿದ್ದು. ಆ ಮನೆಗೆ ಬೆಂಕಿ ಹಚ್ಚಲು ಪುರೋಚನ ಬೇಕಾಗಿದ್ದ. ಬಳ್ಳಾರಿಯಲ್ಲಾಗಿದ್ದರೆ ಏಪ್ರಿಲ್ ತಿಂಗಳೇ ಸಾಕಾಗಿತ್ತು ಎನ್ನುತ್ತಾರೆ ಮಾಮ. ಈ ಪ್ಲೇಟು ಕೈಜಾರಿ ಬಿದ್ದರೆ ಚೂರು. ಆಮೇಲೆ ಬಂದ ವಿನೈಲ್ ಪ್ಲೇಟು ಬಿದ್ದರೆ ಒಡೆಯುವುದಿಲ್ಲ, ಆದರೆ ಪ್ಲಾಸ್ಟಿಕ್ಕಿನ ಜಾತಿಯಾದ್ದರಿಂದ ಕಾವು ತಾಗಿದರೆ ಮೆತ್ತಗಾಗುತ್ತದೆ. ಒಮ್ಮೆ ಬೆಂಗಳೂರು ರಸ್ತೆಯಲ್ಲಿ ಸ್ಕೂಟರಿನ ಹಿಂದೆ ಒಂದು ಎಲ್‌ಪಿ ಬಿಟ್ಟು ಕಾಫಿಗೆ ಹೋದರು. ಬರುವಷ್ಟರಲ್ಲಿ ಅದು ಕರಿದ ಹಪ್ಪಳದ ಹಾಗೆ ಅಂಚು ಎತ್ತಿ ಕೂತಿತ್ತು. ಎರಡು ಕಡಪ ಕಲ್ಲಿನ ನಡುವೆ ಇಟ್ಟು, ಮೇಲೆ ರುಬ್ಬುವ ಗುಂಡು ಹೇರಿ, ವಾರಗಟ್ಟಲೆ ಚಿಕಿತ್ಸೆ ನಡೆಯಿತು. ಈಗ ಅದನ್ನು ಹಾಕಿದರೆ ಹಾಡುಗಾರರ ದನಿ ಸುತ್ತಿಗೊಮ್ಮೆ ಎದ್ದು ಬೀಳುತ್ತದೆ. ಹೊಸಬರು ಮುಖ ಕಿವಿಚಿದರೆ ಮಾಮ ಕಣ್ಣು ಮುಚ್ಚಿ, “ಗಮಕ ನೋಡ್ರಿ, ಗಮಕ” ಎಂದು ತಲೆದೂಗುತ್ತಾರೆ.

ಪ್ರಯಾಣದಲ್ಲಿ ಪ್ಲೇಟು ಕೇಳುವ ಆಸೆಯನ್ನು ಅವರು ಬಿಟ್ಟದ್ದೇನೂ ಇಲ್ಲ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಮೈಸೂರಿಗೆ ಹೊರಟಾಗ ಕೆಳಗಿನ ಬರ್ತಿನ ಮೇಲೆ ಫಿಯೆಸ್ಟಾ ಬಿಚ್ಚಿದರು. ರೈಲು ನಿಂತಿದ್ದಾಗ ಹಾಡು ಚೆನ್ನಾಗಿಯೇ ಬಂತು. ಗಾಡಿ ಕದಲಿ ಹಳಿ ಬದಲಿಸಿದ್ದೇ ತಡ, ಸೂಜಿ ಪಲ್ಲವಿಯಿಂದ ನೇರ ಕೊನೆಯ ಚರಣಕ್ಕೆ ಹಾರಿತು. ಎದುರಿನ ಬರ್ತಿನವರು, “ಮುಗೀತೇನ್ರಿ?” ಎಂದು ಕೇಳಿದ ದನಿಯಲ್ಲಿ ಮರುಕಕ್ಕಿಂತ ಆಸೆ ಹೆಚ್ಚಿತ್ತು. ಆಗ ಮಾಮ ಅವರಿಗೆ ಕ್ರೈಸ್ಲರ್ ಕಂಪನಿಯ ಕಥೆ ಹೇಳಿದರು. 1956ರಲ್ಲಿ ಅಮೆರಿಕದ ಆ ಕಂಪನಿ ತನ್ನ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ರೆಕಾರ್ಡ್ ಪ್ಲೇಯರನ್ನೇ ಕೂರಿಸಿತ್ತು. ಅದಕ್ಕೆಂದೇ ಏಳು ಇಂಚಿನ ಬೇರೆ ಪ್ಲೇಟು, ನಿಮಿಷಕ್ಕೆ 16⅔ ಸುತ್ತು. ಎಲ್‌ಪಿ ಕಂಡುಹಿಡಿದ ಕೆಲಸದಲ್ಲಿದ್ದ ಪೀಟರ್ ಗೋಲ್ಡ್‌ಮಾರ್ಕ್ ಎಂಬ ಎಂಜಿನಿಯರನದೇ ತಲೆ. ಕೆಲವೇ ವರ್ಷಗಳಲ್ಲಿ ಕೈಬಿಟ್ಟರು. ಯಾಕೆ ಕೈಬಿಟ್ಟರು ಎಂಬುದಕ್ಕೆ ಮಾಮನದು ಸ್ವಂತ ಸಿದ್ಧಾಂತ: ಕಾರಿಗೆ ಆತುರ ಹೆಚ್ಚು. ಎತ್ತಿನ ಬಂಡಿಯಲ್ಲಿ ಕೂರಿಸಿದ್ದರೆ ಗೆಲ್ಲುತ್ತಿತ್ತು. ಈ ಸಿದ್ಧಾಂತವನ್ನು ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಗೆ ಹೋಗುವಾಗ ಪರೀಕ್ಷಿಸಿದರು. ಬಂಡಿಗೆ ಆತುರ ಇರಲಿಲ್ಲ, ನಿಜ. ರಸ್ತೆಯ ಕುಳಿಗಳನ್ನು ಮಾತ್ರ ಸಿದ್ಧಾಂತ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮಾಮನ ಪ್ರವಚನ ಪ್ಲೇಟು ತಿರುವುವ ಬಿಡುವಿನಲ್ಲಿ ನಡೆಯುತ್ತದೆ. ಹಾಡಿಗಿಂತ ಬಿಡುವು ಉದ್ದ. ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿ, ಹಾಡಿನ ತುದಿಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ, ಅಲ್ಲಿನವರಿಗೆ ಇದು ಯಾರ ಹಾಡು ಅಂತ ಗೊತ್ತಾಗಬೇಕಲ್ಲ. ಅಂಥ ಗೌಹರ್ ಜಾನ್ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ನಮ್ಮ ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಪ್ಲೇಟುಗಳ ಮೇಲೆ ‘ಗಾಂಧಾರಿ’ ಎಂದು ಹೆಸರಿತ್ತು. ಇವೆಲ್ಲ ಕೇಳುವಂಥ ಸಂಗತಿಗಳೇ, ನಾನು ಇಲ್ಲವೆನ್ನುವುದಿಲ್ಲ; ಫ್ಯಾನ್ ಇದ್ದಿದ್ದರೆ ಇನ್ನೂ ಚೆನ್ನಾಗಿ ಕೇಳಿಸುತ್ತಿದ್ದವು. ಮಾಮನಿಗೆ ಬಹಳ ಪ್ರಿಯವಾದದ್ದು ಭೀಮಸೇನ ಜೋಶಿಯವರ ಕಥೆ. ಗದಗಿನಲ್ಲಿ ಹುಡುಗ ಭೀಮಸೇನ ಅಬ್ದುಲ್ ಕರೀಂ ಖಾನರ ಠುಮ್ರಿಯ ಪ್ಲೇಟು ಕೇಳಿ ಹುಚ್ಚು ಹಿಡಿದು, 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಹೋದದ್ದು.

“ಒಂದು ಪ್ಲೇಟು! ಒಂದೇ ಪ್ಲೇಟು ಕೇಳಿ ಹುಡುಗ ಮನೆ ಬಿಟ್ಟು ಓಡಿದ ನೋಡ್ರಿ!” ಎಂದು ಮಾಮ ತೊಡೆ ತಟ್ಟಿದಾಗ, ಒಳಗಿನಿಂದ ಅತ್ತೆಯ ದನಿ ಬರುತ್ತದೆ: “ಇಲ್ಲೂ ಪ್ಲೇಟು ಹಚ್ಚಿದ ಕೂಡ್ಲೇ ಮಂದಿ ಮನೆ ಬಿಟ್ಟು ಓಡ್ತಾರೆ. ಗುರು ಹುಡುಕಾಕಲ್ಲ.”

ಅತ್ತೆಯ ಬಗ್ಗೆ ಹೆಚ್ಚು ಬರೆಯಲು ಅವರ ಅಪ್ಪಣೆಯಿಲ್ಲ. ಇಷ್ಟು ಹೇಳಬಹುದು: ಆ ಮನೆಯಲ್ಲಿ ಅಕ್ಕಿಯ ಡಬ್ಬಿ ನೆಲದ ಮೇಲಿದೆ, ಪ್ಲೇಟುಗಳು ಕಪಾಟಿನಲ್ಲಿವೆ. ಅವೂ ನೆಟ್ಟಗೆ ನಿಂತೇ ಇರಬೇಕು, ಮಲಗಿಸಿ ಒಂದರ ಮೇಲೊಂದು ಹೇರುವಂತಿಲ್ಲ. “ನಾನು ಸೊಂಟ ನೋವು ಅಂತ ಮಲಗಿದ್ರೆ ಕೇಳೋರಿಲ್ಲ, ಅವು ಮಲಗಿದ್ರೆ ಸೊಟ್ಟ ಆಗ್ತಾವಂತೆ” ಎಂಬುದು ಅತ್ತೆಯ ದೂರು. ಟ್ರಾನ್ಸಿಸ್ಟರು ಅವರ ಆಸ್ತಿ. ಮಾಮ ಊರಾಚೆ ಹೋದ ದಿನ ಆ ಮನೆಯಲ್ಲಿ ಹಾಡು ನಿರಾತಂಕವಾಗಿ ಕೇಳಿಸುತ್ತದೆ.

ಕನ್ನಡ ಸಂಗೀತ ಯಾವತ್ತು ಕೆಟ್ಟಿತು ಎಂದು ಮಾಮನನ್ನು ಕೇಳಿ. ವರ್ಷ ಸಮೇತ ಹೇಳುತ್ತಾರೆ: 1978. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದ ವರ್ಷ ಅದು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟು. ಹಾಡುಗಳ ಮೇಲೆ ಸಿಟ್ಟಿಲ್ಲ, ಅವು ಬಾಯಿಪಾಠ. ಸಿಟ್ಟು ಡಬ್ಬಿಯ ಮೇಲೆ. ಮರುವರ್ಷ ಜಪಾನಿನವರು ವಾಕ್‌ಮನ್ ತಂದರು. ಅಲ್ಲಿಗೆ ಮಾಮನ ಪ್ರಕಾರ ಕಲಿಯುಗದ ಎರಡನೆಯ ಪಾದ. ಕಿವಿಗೆ ಬಿರಡೆ ಹಾಕಿಕೊಂಡು ಒಬ್ಬರೇ ಕೇಳುವುದು ಅವರ ದೃಷ್ಟಿಯಲ್ಲಿ ಹಬ್ಬದ ದಿನ ಬಾಗಿಲು ಹಾಕಿಕೊಂಡು ಹೋಳಿಗೆ ತಿನ್ನುವಷ್ಟು ದೊಡ್ಡ ಅಪರಾಧ. ಇಲ್ಲಿ ಅವರ ಒಳಗುಟ್ಟು ಹೊರಬೀಳುತ್ತದೆ. ಪ್ಲೇಟು ಹಾಡುವಾಗ ಮಾಮ ಪ್ಲೇಟನ್ನಾಗಲಿ ಪೆಟ್ಟಿಗೆಯನ್ನಾಗಲಿ ನೋಡುವುದಿಲ್ಲ. ಕೂತವರ ಮುಖ ನೋಡುತ್ತಾರೆ. ಯಾರ ಕಣ್ಣು ತೇವವಾಯಿತು, ಯಾರ ಕೈ ಮೊಬೈಲಿನ ಕಡೆ ಹೋಯಿತು ಎಲ್ಲ ಲೆಕ್ಕ ಇರುತ್ತದೆ. ಮನೆಯಲ್ಲಿ ಒಬ್ಬರೇ ಇದ್ದಾಗ ಅವರು ಪ್ಲೇಟು ಹಾಕಿದ್ದನ್ನು ಯಾರೂ ಕೇಳಿಲ್ಲ; ಅತ್ತೆ ಕೂಡ ಕೇಳಿಲ್ಲ.

ಕಳೆದ ದೀಪಾವಳಿಗೆ ತಂಗಿಯ ಮಗ ಬಂದಿದ್ದ. ಅವನೂ ಇದೇ ಕುಲ, ಹೊಸ ಶಾಖೆ. ಅವನ ಕೈಯಲ್ಲಿ ಸೌಂಡ್ ಬರ್ಗರ್ ಎಂಬ ಯಂತ್ರ. ಆಡಿಯೋ ಟೆಕ್ನಿಕಾ ಎಂಬ ಜಪಾನಿ ಕಂಪನಿ 1980ರ ದಶಕದಲ್ಲಿ ಮಾಡಿ ನಿಲ್ಲಿಸಿದ್ದನ್ನು 2022ರಲ್ಲಿ ಮತ್ತೆ ತಂದದ್ದು. ಪ್ಲೇಟನ್ನು ನಡುವಿಗೆ ಕಚ್ಚಿ ಹಿಡಿದುಕೊಳ್ಳುತ್ತದೆ, ಪ್ಲೇಟು ಸುತ್ತಲೂ ಹೊರಗೇ ತಿರುಗುತ್ತಿರುತ್ತದೆ. ಹುಡುಗ ಅದನ್ನು ಕೋಟೆಯ ಗುಡ್ಡಕ್ಕೆ ಒಯ್ದು, ಬಂಡೆಯ ಮೇಲಿಟ್ಟು, ಸಂಜೆಯ ಬೆಳಕಿನಲ್ಲಿ ಫೋಟೋ ತೆಗೆದು ವಾಪಸು ತಂದ. ಹಾಡು ಹಾಕಿದ್ದನೇ ಎಂದು ಕೇಳಿದರೆ, ಚಾರ್ಜ್ ಇರಲಿಲ್ಲ ಎಂದ.

“ಡಿಜಿಟಲ್‌ನಲ್ಲಿ ಸಿಗದ ಒಂದು ಬಿಸುಪು ಇದರಲ್ಲಿರುತ್ತೆ ಮಾಮ.”

“ಬಿಸುಪು ಬೇಕಂದ್ರೆ ಮಧ್ಯಾಹ್ನ ಮಾಳಿಗಿ ಹತ್ತು. ಪ್ಲೇಟು ಯಾಕೆ ಬೇಕು?”

ಆದರೂ ಅಂದು ರಾತ್ರಿ ಇಬ್ಬರೂ ಎರಡು ಪೆಟ್ಟಿಗೆ ಎದುರುಬದುರು ಇಟ್ಟುಕೊಂಡು ಕೂತಿದ್ದರು. ಹುಡುಗನ ಯಂತ್ರಕ್ಕೆ 78ರ ಪ್ಲೇಟು ಆಗುವುದಿಲ್ಲ, ಮಾಮನ ಕರಿ ಪೆಟ್ಟಿಗೆಗೆ ಎಲ್‌ಪಿ ತೋರಿಸಿದರೆ ಆ ಭಾರದ ಸೂಜಿ ಅದನ್ನು ಉತ್ತುಬಿಡುತ್ತದೆ. ಒಬ್ಬರದು ಇನ್ನೊಬ್ಬರಿಗೆ ಬಾರದು ಎಂದು ಖಚಿತವಾದ ಮೇಲೆ ಇಬ್ಬರಿಗೂ ಬಹಳ ಸಮಾಧಾನವಾಯಿತು.

ನನ್ನ ತೀರ್ಪು ಕೇಳಿದರೆ, ಮಾಮ ಸಂಗೀತಪ್ರಿಯರಲ್ಲ, ಸಭಾಪ್ರಿಯರು. ಆದರೆ ಅವರ ಕಾಟದಿಂದಾಗಿ ಬ್ರೂಸ್‌ಪೇಟೆಯ ಕೆಲವು ಮನೆಗಳಲ್ಲಿ ಮೂರು ತಲೆಮಾರಿನವರು, ಬೆವರು ಒರೆಸಿಕೊಳ್ಳುತ್ತಲೇ ಆದರೂ, ಒಂದು ಹಾಡನ್ನು ಮೊದಲಿನಿಂದ ಕೊನೆಯ ತನಕ ಒಟ್ಟಿಗೆ ಕೂತು ಕೇಳಿದ್ದಾರೆ. ಫೋನಿನಲ್ಲಿ ಲಕ್ಷ ಹಾಡು ಇಟ್ಟುಕೊಂಡವರು ಇಷ್ಟು ಮಾಡಿಸಿದ್ದನ್ನು ನಾನು ಕಂಡಿಲ್ಲ.

ಆದ್ದರಿಂದ ಒಂದು ವಿನಂತಿ. ನಿಮ್ಮ ಅಟ್ಟದ ಮೇಲೆ ಅಜ್ಜನ ಕಾಲದ ಪ್ಲೇಟುಗಳಿದ್ದರೆ ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಒರೆಸಿ, ನೆಟ್ಟಗೆ ನಿಲ್ಲಿಸಿ, ನಿಮ್ಮ ಊರಿನ ಪ್ಲೇಟ್ ಮಾಮನಿಗೆ ಕೊಟ್ಟುಬಿಡಿ. ಅವರೆದುರು “ಇದು ಯೂಟ್ಯೂಬಿನಲ್ಲಿ ಐತಲ್ರೀ” ಎನ್ನಬೇಡಿ. ಕೊಟ್ಟ ಮೇಲೆ ಗ್ಯಾಸಿನ ಮೇಲೆ ಹಾಲಿಟ್ಟು ಬಂದಿದ್ದೀನಿ ಎಂದು ಹೇಳಿ ನಿಂತ ಕಾಲಿನಲ್ಲೇ ಹೊರಡಿ. ಕೂತರೆ ಎರಡೂ ಮಗ್ಗುಲು ಕೇಳಬೇಕಾಗುತ್ತದೆ.